ಗುಜರಿಗೆ ಎಳೆದೊಯ್ದ ಗಾಡಿ

ನನ್ನ ಗಂಡನ ಕೈ ನಡುಗಿದ್ದನ್ನು ನಾನು ಮೊದಲ ಸಲ ನೋಡಿದ್ದು ಬಬಲೇಶ್ವರದ ದಾರಿಯಲ್ಲಿ. ನಮ್ಮ ಹಳೆಯ ಪಿಕಪ್ಪಿನಲ್ಲಿ ಕುರಿಗೊಬ್ಬರ ಹೇರಿಕೊಂಡು ಟಿಕೋಟಾ ಕಡೆಯ ನಮ್ಮ ದ್ರಾಕ್ಷಿ ತೋಟಕ್ಕೆ ಬರುತ್ತಿದ್ದೆವು. ಹಳ್ಳದ ಸೇತುವೆಯ ಇಳಿಜಾರಿನಲ್ಲಿ ಅವರು ನನ್ನ ಕಡೆ ಒಮ್ಮೆ ನೋಡಿದರು.

"ಬ್ರೇಕ್ ಹತ್ತವಲ್ದು. ಗಟ್ಟಿ ಹಿಡ್ಕೋ."

ಪೆಡಲು ತಳ ಮುಟ್ಟಿತ್ತು, ಗಾಡಿ ಓಡುತ್ತಲೇ ಇತ್ತು. ಸೇತುವೆಯ ಮೇಲೆ ಎದುರಿನಿಂದ ಬಸ್ಸು ಬರುತ್ತಿತ್ತು. ಅವರು ಗೇರು ಇಳಿಸಿದರು, ಎಂಜಿನ್ನು ಚೀರಿತು. ಸೇತುವೆ ಇನ್ನೇನು ಬಂತು ಅನ್ನುವಾಗ ಎಡಕ್ಕೆ ಹೊರಳಿಸಿ ಹರಗಿ ಸಡಿಲಾದ ಹೊಲಕ್ಕೆ ನುಗ್ಗಿಸಿದರು. ಎರೆಮಣ್ಣು ಗಾಲಿಗಳನ್ನು ಹಿಡಿದು ನಿಲ್ಲಿಸಿತು. ನಮಗಿಬ್ಬರಿಗೂ ಏನೂ ಆಗಲಿಲ್ಲ. ಆದರೆ ಅವರು ಸ್ಟೇರಿಂಗ್ ಬಿಡಲೇ ಒಲ್ಲರು. ನಡುಗುತ್ತಿದ್ದ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ.

ಮೈದುನ ಟ್ರ್ಯಾಕ್ಟರ್ ತಂದು ಗಾಡಿಯನ್ನು ತೋಟದ ತನಕ ಎಳೆದ. ಮರುದಿನ ಮೆಕ್ಯಾನಿಕ್ ಬಂದು ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಕುಟ್ಟಿದ. ತುಕ್ಕು ಚಕ್ಕೆ ಚಕ್ಕೆಯಾಗಿ ಉದುರಿತು.

"ಬ್ರೇಕ್ ಮಾಡಿ ಕೊಡಬಹುದ್ರಿ ಅಕ್ಕಾರ. ಆದ್ರ ಗಾಡಿ ಹೊರೂ ಚಾಸೀನ ಮುರಿಲಾಕ ಬಂದೈತಿ. ಇನ್ನ ವೆಲ್ಡಿಂಗ್ ಹಿಡ್ಯಂಗಿಲ್ಲ. ಗುಜರಿಗಿ ಹಾಕ್ರಿ."

ಇಷ್ಟು ದಿನ ಇದರ ಮೇಲೆ ಕೂತೇ ತಿರುಗಿದ್ದೆವಲ್ಲ ಎಂಬುದೇ ನನ್ನನ್ನು ಹೆದರಿಸಿತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ನನ್ನ ಗಂಡ. ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಹಾಡಿಕೊಂಡು ಹೋಗುತ್ತಿದ್ದ ಮನುಷ್ಯ ಈಗ ಗಾಡಿ ನಿಂತ ಕಡೆ ಹಾಯುತ್ತಲೇ ಇರಲಿಲ್ಲ. ಊಟಕ್ಕೆ ಕೂತಾಗ ಬ್ರೇಕ್ ತುಳಿಯುವಂತೆ ಬಲಗಾಲಿನಿಂದ ನೆಲವನ್ನು ಒತ್ತುತ್ತಿದ್ದರು. ನಾನು ನೋಡಿದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ವಿಜಯಪುರದ ಇಬ್ರಾಹಿಂಪುರದಲ್ಲಿ ಗುಜರಿಯವನೊಬ್ಬ ಸಿಕ್ಕ. ಗಾಡಿ ತಂದು ಮುಟ್ಟಿಸಿದರೆ ಮಾತ್ರ ತಗೊಳ್ಳುತ್ತೇನೆಂದ. ಮೈದುನ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿದ. ಹಿಂದಿನ ಗಾಡಿಯ ಸ್ಟೇರಿಂಗಿಗೆ ಒಬ್ಬರು ಬೇಕಿತ್ತು. "ಅಣ್ಣಾ, ನೀ ಕೂಡು" ಎಂದ. ಇವರು ಒಲ್ಲೆನೆಂದು ತಲೆಯಾಡಿಸಿ ಮುಖ ತಿರುಗಿಸಿದರು.

"ನಾ ಕೂಡ್ತೀನಿ" ಎಂದೆ. ತೋಟದ ದಾರಿಯಲ್ಲಿ ನಾನು ಗಾಡಿ ಕಲಿತದ್ದು ಇದರಲ್ಲೇ. ಆದರೆ ಆ ಮಾತು ಬಾಯಿಂದ ಬಿದ್ದೊಡನೆ ಯಾಕಾದರೂ ಅಂದೆನೋ ಅನ್ನಿಸಿತು. ಬಾಗಿಲು ಹಾಕಿಕೊಂಡು ಕೂತಿದ್ದೆ, ಆ ಕಡೆಯ ಬಾಗಿಲು ತೆರೆಯಿತು. ಗಂಡ ಹತ್ತಿ ಕೂತು, "ಹ್ಯಾಂಡ್‌ಬ್ರೇಕ್ ನಾ ಹಿಡಿತೀನಿ" ಎಂದರು. ನನ್ನ ಮುಖ ನೋಡಲಿಲ್ಲ.

"ಸಾವಕಾಶ ಹೋಗ್ತೀನ್ರಿ ವೈನಿ" ಎಂದು ಮೈದುನ ಕೂಗಿದ.

ಎಂಜಿನ್ ಸದ್ದಿಲ್ಲದೆ ಗಾಡಿ ಚಲಿಸುವುದೇ ಒಂದು ಭಯ. ಸರಪಳಿ ಬಿಗಿಯುವುದು, ಸಡಿಲುವುದು, ಮತ್ತೆ ಜಗ್ಗುವುದು. ಪ್ರತಿ ಜಗ್ಗಿಗೂ ಕೆಳಗಿನಿಂದ ಕಬ್ಬಿಣ ನರಳುತ್ತಿತ್ತು. ಈಗಲೇ ಎರಡಾಗುತ್ತದೆ, ಈಗಲೇ, ಅನ್ನಿಸುತ್ತಿತ್ತು. ಲಾರಿಗಳು ಪಕ್ಕದಲ್ಲಿ ಹಾದಾಗಲೆಲ್ಲ ಗಂಡನ ಬಲಗಾಲು ನೆಲ ಒತ್ತುತ್ತಿತ್ತು.

ಇಟ್ಟಂಗಿಹಾಳದ ಹತ್ತಿರ ಕುರಿ ಹಿಂಡೊಂದು ರಸ್ತೆಗೆ ಬಂತು. ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ನಾವು ನಿಲ್ಲಲಿಲ್ಲ. ಟ್ರ್ಯಾಕ್ಟರಿನ ದೊಡ್ಡ ಗಾಲಿ ನನ್ನ ಗಾಜಿನ ಕಡೆಗೇ ಬೆಳೆಯುತ್ತ ಬಂತು.

"ಎಡಕ್ಕ! ಎಡಕ್ಕ ತಿರುಗಿಸು!" ಗಂಡ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಜಗ್ಗಿದರು. ನಾನು ಮೈಯೆಲ್ಲ ಭಾರ ಹಾಕಿ ಸ್ಟೇರಿಂಗ್ ತಿರುಗಿಸಿದೆ. ಗಾಡಿ ರಸ್ತೆ ಬದಿಯ ಮಣ್ಣಿಗಿಳಿದು, ವಾಲಿ, ಒಂದು ಬೇವಿನ ಗಿಡದ ಮುಂದೆ ನಿಂತಿತು. ಎದುರಿಗೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಕುರಿ ಕಾಯುವ ಮುದುಕಿ ಎಳೆಯ ಮರಿಯನ್ನು ಅವುಚಿಕೊಂಡು ನಿಂತಿದ್ದಳು.

ಮುದುಕಿಯೇ ಬಂದು ಕಿಟಕಿಯಲ್ಲಿ ಇಣುಕಿದಳು.

"ಯವ್ವಾ, ನಿನಗೇನ ಆಗಿಲ್ಲಲ್ಲ?"

"ಇಲ್ರಿ" ಎಂದೆ. ಅಳು ಅಲ್ಲಿಯ ತನಕ ಕಾದಿತ್ತೋ ಏನೋ, ತಡೆಯಲಾಗಲಿಲ್ಲ. ಗಂಡನೂ ಕಣ್ಣೊರೆಸಿಕೊಂಡರು. "ನನಗೂ ಭಾಳ ಅಂಜಿಕಿ ಆಗೈತಿ" ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮೈದುನ ಗಾಡಿಯನ್ನು ಮತ್ತೆ ರಸ್ತೆಗೆ ಎಳೆದ; ಇಬ್ರಾಹಿಂಪುರ ಮುಟ್ಟುವವರೆಗೂ ಗಂಡ ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆಯಲಿಲ್ಲ. ಅಲ್ಲಿ ಗ್ಯಾಸಿನ ಬೆಂಕಿಯಿಂದ ಗಾಡಿ ಕತ್ತರಿಸಿದರು. ಆರ್‌ಟಿಓ ಆಫೀಸಿಗೆ ಒಪ್ಪಿಸಲೆಂದು ಚಾಸಿ ನಂಬರಿನ ತುಂಡನ್ನು ನಮ್ಮ ಕೈಗೆ ಕೊಟ್ಟಾಗ ಅದಿನ್ನೂ ಬೆಚ್ಚಗಿತ್ತು.

"ಇನ್ನ ನಮಗ ಗಾಡಿನ ಬ್ಯಾಡ" ಎಂದರು ಗಂಡ, ಬಸ್ಸಿನಲ್ಲಿ. ಆದರೆ ದ್ರಾಕ್ಷಿ ಕೊಯ್ಲು ಹತ್ತಿರವಿತ್ತು. ಬಾಡಿಗೆ ಗಾಡಿಗಳು ಹೇಳಿದ ಹೊತ್ತಿಗೆ ಬರುವುದಿಲ್ಲ, ಕೊಯ್ದ ದ್ರಾಕ್ಷಿ ಕಾಯುವುದಿಲ್ಲ. ಗೋಳಗುಮ್ಮಟದ ಕಡೆ ಅಂಗಡಿಯವರೊಬ್ಬರು ಮೂರ್ನಾಲ್ಕು ವರ್ಷ ಓಡಿಸಿದ ಪಿಕಪ್ಪು ಮಾರುತ್ತಾರೆಂದು ಮೈದುನ ಹೇಳಿದಾಗ ನಾನೊಬ್ಬಳೇ ಅವನ ಜೊತೆ ಹೋಗಿ ನೋಡಿದೆ. ಕೆಳಗೆ ಬಗ್ಗಿ ಚಾಸಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದೆ. ಅಂಗಡಿಯವರು ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ಹೇಳಿದೆ. ಗಂಡ ಎದ್ದು ತೋಟದ ಕಡೆ ಹೊರಟರು. ವಾರ ಕಳೆಯಿತು. ಒಂದು ಬೆಳಿಗ್ಗೆ ಬಳ್ಳಿಗಳ ನಡುವೆ ಕೆಲಸ ಮಾಡುತ್ತಿದ್ದ ಗಂಡ ಗಾಬರಿಯಿಂದ ನನ್ನ ಹತ್ತಿರ ಬಂದರು.

"ಆ ಗಾಡಿ ಬ್ಯಾರೆದವರಿಗಿ ಕೊಟ್ಟಗಿಟ್ಟಾರೇನ? ಫೋನ್ ಹಚ್ಚಿ ಕೇಳು ಲಗೂನ."

ಫೋನು ಹಚ್ಚಿದೆ. ಆ ಕಡೆ ಎತ್ತುವ ತನಕ ಇಬ್ಬರೂ ಫೋನಿಗೆ ಕಿವಿ ಹಚ್ಚಿ ನಿಂತಿದ್ದೆವು. ಗಾಡಿಯನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.