ಓಡಿಸುವ ಬಟನ್ ಇಲ್ಲದ ಲ್ಯಾಬ್

ಆಲೆಟ್ಟಿಯ ಹರಿಣಾಕ್ಷಿ ಸುಳ್ಯದ ಸಣ್ಣ ಕಾಲೇಜೊಂದರ ಕಂಪ್ಯೂಟರ್ ಲ್ಯಾಬನ್ನು ಹತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಓದಿದ್ದು ಭೌತವಿಜ್ಞಾನ, ಅಳೆದು ನೋಡದೆ ಯಾವುದನ್ನೂ ನಂಬುವವರಲ್ಲ.

ಹೊಸ ಪಠ್ಯಕ್ರಮದ ಜೊತೆಗೆ ಐಡಿಇ ಎಂಬ ದೊಡ್ಡ ತಂತ್ರಾಂಶ ಬಂತು. ಪ್ರೋಗ್ರಾಂ ಬರೆಯುವುದು, ಅದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವುದು ಅಂದರೆ ಕಂಪೈಲ್ ಮಾಡುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲ ಅದರೊಳಗೇ. ಹಳೆಯ ಯಂತ್ರಗಳಲ್ಲಿ ಅದು ತೆರೆದುಕೊಳ್ಳಲು ಎಷ್ಟು ಹೊತ್ತು ಬೇಕೆಂದು ಹರಿಣಾಕ್ಷಿ ವಾಚ್ ಹಿಡಿದು ನೋಡಿದರು: ಆರು ನಿಮಿಷ ನಲವತ್ತು ಸೆಕೆಂಡು. ಕರೆಂಟು ಹೋಗಿ ಬಂದರೆ ಪುನಃ ಅಷ್ಟೇ. ಹಿಂದಿನ ವರ್ಷ ಪ್ರಾಯೋಗಿಕ ಪರೀಕ್ಷೆ ಇದರಿಂದಲೇ ಅರ್ಧಕ್ಕೆ ನಿಂತಿತ್ತು. ಈ ಸಲವೂ ಹಾಗಾದರೆ ಪರೀಕ್ಷಾ ಕೇಂದ್ರ ಪುತ್ತೂರಿಗೆ ಹೋಗುತ್ತದೆ ಎಂದು ಪ್ರಾಂಶುಪಾಲ ತಿರುಮಲೇಶ್ವರ ಹೇಳಿಬಿಟ್ಟರು. ಕೊಲ್ಲಮೊಗ್ರ ಕಡೆಯ ಮಕ್ಕಳು ಬಸ್ಸಿನ ಮೇಲೆ ಬಸ್ಸು ಹಿಡಿದು ಹೋಗಬೇಕಾಗುತ್ತಿತ್ತು. ಹೊಸ ಯಂತ್ರಗಳನ್ನು ಕೇಳಿದ್ದಕ್ಕೆ ಸಿಕ್ಕಿದ್ದು ಒಂದೇ ಒಂದು.

ಹರಿಣಾಕ್ಷಿ ಆ ಒಂದರಲ್ಲಿ ಮಾತ್ರ ಐಡಿಇ ಇಟ್ಟು, ಉಳಿದ ಇಪ್ಪತ್ತೆರಡಕ್ಕೆ ಸಾದಾ ಕೋಡ್ ಎಡಿಟರ್ ಹಾಕಿದರು. ಅದು ಹನ್ನೊಂದು ಸೆಕೆಂಡಿಗೆ ತೆರೆಯುತ್ತದೆ, ಬರೆಯಲು ಜಾಗ ಕೊಡುತ್ತದೆ, ಪದಗಳಿಗೆ ಬಣ್ಣ ಹಚ್ಚುತ್ತದೆ. ಕಂಪೈಲ್ ಮಾಡಲು ಬೇರೊಂದು ಕಪ್ಪು ಕಿಟಕಿ ತೆರೆದು ಆದೇಶವನ್ನು ಕೈಯಾರೆ ಟೈಪ್ ಮಾಡಬೇಕು.

ವಿದ್ಯಾರ್ಥಿನಿ ಭವಿತಾ ಮುಖ ಸಣ್ಣ ಮಾಡಿದಳು. "ಮೇಡಂ, ಇದರಲ್ಲಿ ಓಡಿಸುವ ಬಟನೇ ಇಲ್ಲ. ನಮ್ಮನ್ನು ಪುನಃ ಮೂರನೇ ಕ್ಲಾಸಿಗೆ ಹಾಕಿದ ಹಾಗೆ ಉಂಟು."

"ಬಟನ್ ಒತ್ತುದಕ್ಕೆ ಒಂದು ದಿವಸ ಸಾಕು. ಒತ್ತಿದ್ರೆ ಒಳಗೆ ಎಂತ ಆಗ್ತದೆ ಅಂತ ಹೇಳು ನೋಡುವ."

ಭವಿತಾ ಕಪ್ಪು ಕಿಟಕಿ ತೆರೆದು ಆದೇಶ ಟೈಪ್ ಮಾಡತೊಡಗಿದಳು. ಮೂರು ತಿಂಗಳಲ್ಲಿ ಉತ್ತರ ಅವಳ ಬೆರಳಿಗೆ ಬಂತು. ನಾಲ್ಕು ಸಾಲಿಗೊಮ್ಮೆ ಸೇವ್ ಮಾಡುವುದೂ ಅಭ್ಯಾಸವಾಯಿತು. ಹತ್ತು ನಿಮಿಷ ಹುಡುಕಿಯೂ ತಪ್ಪು ಸಿಗದವರು ಮಾತ್ರ ಮೂಲೆಯಲ್ಲಿಟ್ಟ ಹೊಸ ಯಂತ್ರದ ಐಡಿಇಗೆ ಹೋಗಿ, ಪ್ರೋಗ್ರಾಮನ್ನು ಸಾಲು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕ ಮಹೇಶ್ವರ ಸಾದಾ ಎಡಿಟರ್ ನೋಡಿ ಹುಬ್ಬು ಗಂಟಿಕ್ಕಿದರು. "ಎಂತ ಮಾರಾಯ್ರೆ, ಇದರಲ್ಲಿ ಪರೀಕ್ಷೆ ಮಾಡುದಾ?"

ಹರಿಣಾಕ್ಷಿ ನಿಯಮದ ಹಾಳೆ ಮುಂದಿಟ್ಟರು. ಪ್ರೋಗ್ರಾಂ ಓಡಿ ಉತ್ತರ ಬರಬೇಕು ಎಂದಿತ್ತೇ ಹೊರತು ಯಾವ ತಂತ್ರಾಂಶ ಎಂದಿರಲಿಲ್ಲ. ಮಹೇಶ್ವರ ಎರಡು ಸಲ ಓದಿ ಒಪ್ಪಿದರು.

ಹತ್ತೂ ಇಪ್ಪತ್ತಕ್ಕೆ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಬಂದು, ಹನ್ನೊಂದೂವರೆಗೆ ಇನ್ನೊಮ್ಮೆ ಹೋಯಿತು. ಎರಡು ಸಲವೂ ಯಂತ್ರ ಚಾಲೂ ಆದದ್ದೇ ತಡ, ಮಕ್ಕಳು ಸೇವ್ ಮಾಡಿದ ಸಾಲಿನಿಂದಲೇ ಮುಂದುವರಿಸಿದರು. ಭವಿತಾ ಕಳೆದುಕೊಂಡದ್ದು ಎರಡೇ ಸಾಲು. ಆದರೆ ಅವಳ ಪ್ರೋಗ್ರಾಂ ಕೊಡುವ ಮೊತ್ತ ತಪ್ಪಾಗಿ ಬರುತ್ತಿತ್ತು. ಮೂಲೆಯ ಐಡಿಇಯಲ್ಲಿ ನಿಲ್ಲಿಸಿ ನೋಡಿದಳು. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಒಂದು ಸುತ್ತು ಹೆಚ್ಚು ತಿರುಗುತ್ತಿತ್ತು. ಮೂರು ನಿಮಿಷದಲ್ಲಿ ಸರಿಪಡಿಸಿ ಎದ್ದಳು.

ಅವಧಿ ಮುಗಿಯಲು ಹದಿನಾಲ್ಕು ನಿಮಿಷ ಇರುವಾಗಲೇ ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಪರದೆಗಳಲ್ಲಿ ಸರಿಯುತ್ತರ ನಿಂತಿತ್ತು. ಕೇಂದ್ರ ಇಲ್ಲಿಯೇ ಮುಂದುವರಿಯಲಿ ಎಂದು ಮಹೇಶ್ವರ ವರದಿ ಬರೆದರು. ಎಡಿಟರ್ ಹಾಕುವ ಕ್ರಮವನ್ನೂ ಕೇಳಿ ತಮ್ಮ ಡೈರಿಗೆ ಬರೆದುಕೊಂಡರು.

ಸುದ್ದಿ ತಿಳಿದದ್ದೇ ಮಕ್ಕಳು ವರಾಂಡದಲ್ಲಿ ಬೊಬ್ಬೆ ಹಾಕಿದರು. ಪಕ್ಕದ ಕೋಣೆಯಲ್ಲಿ ಪಾಠ ನಡೆಯುತ್ತಿದ್ದರೂ ಹರಿಣಾಕ್ಷಿ ಅವರನ್ನು ಸುಮ್ಮನಾಗಿಸಲಿಲ್ಲ.