ಕರೆಂಟಿಲ್ಲ ಎಂದ ಮೂರು ದಿನ

ಕೊಪ್ಪದ ಪಕ್ಕದ ಬಾಳಗಡಿಯಲ್ಲಿ, ಕಾಲೇಜಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ. ಹುಡುಗರ ಪ್ರಾಜೆಕ್ಟು, ಅರ್ಜಿ, ಲಗ್ನಪತ್ರಿಕೆ ಎಲ್ಲ ಇಲ್ಲೇ. ಕಂಪ್ಯೂಟರಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಏನು ಕೆಟ್ಟರೂ ನಾನೇ ಸರಿಮಾಡಬೇಕು. ಇನ್ನೊಬ್ಬರನ್ನು ಕೇಳುವುದೆಂದರೆ ಮೈಯೆಲ್ಲ ಉರಿಯುತ್ತದೆ.

ಆ ಮಳೆಗಾಲ ನಮ್ಮ ಪಕ್ಕದ ಹಳ್ಳಿ ನಾರ್ವೆಯ ನಿವೃತ್ತ ಮೇಷ್ಟ್ರೊಬ್ಬರು ಹಳೆಯ ನೋಟ್‌ಬುಕ್ಕೊಂದನ್ನು ತಂದುಕೊಟ್ಟರು. ಅವರ ಹೆಂಡತಿ ನಲವತ್ತು ವರ್ಷ ಮದುವೆಮನೆಗಳಲ್ಲಿ ಹಾಡಿದ ಹಾಡುಗಳನ್ನು ತಾವೇ ಬರೆದಿಟ್ಟಿದ್ದ ಪುಸ್ತಕ. ಆಕೆ ಹಾಸಿಗೆ ಹಿಡಿದಿದ್ದರು. ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರಂತೆ. "ಅಚ್ಚಾಗಿದ್ದು ಒಂದ್ಸಲ ಕೈಯಲ್ಲಿ ಹಿಡೀಬೇಕು ಅಂತಾಳೆ. ಬೇಗ ಮಾಡ್ಕೊಡು ತಂಗಿ" ಎಂದರು.

ಎಂಟು ದಿನದಲ್ಲಿ ಟೈಪ್ ಮುಗಿಸಿದೆ. ಪ್ರಿಂಟ್ ತೆಗೆಯುವುದೊಂದೇ ಬಾಕಿ. ಆಗ ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ, ಅಕ್ಷರ ಇನ್ನೂ ಚಂದ ಬರಲಿ ಎಂದು ಟೈಪ್ ಮಾಡುವ ಸಾಫ್ಟ್‌ವೇರಿನ ಹೊಸ ವರ್ಷನ್ ಹಾಕಿದೆ. ಮರುದಿನ ಫೈಲ್ ತೆರೆದರೆ ಮೊದಲ ಹಾಡಿನ ಮೊದಲ ಸಾಲು ಕಾಣುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಚ್ಚಿಕೊಳ್ಳುತ್ತದೆ.

ಅದೇ ಹೊತ್ತಿಗೆ ಮೇಷ್ಟ್ರ ಫೋನ್ ಬಂತು. "ಎಂತಾಯ್ತು ತಂಗಿ?"

"ಕರೆಂಟಿಲ್ಲ ಮೇಷ್ಟ್ರೇ" ಎಂದೆ.

ನಮ್ಮ ಕಡೆ ಮಳೆಗಾಲದಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರುತ್ತದೆ, ಬಂದಾಗ ಬಂತು. ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಎರಡನೆಯ ದಿನ ಎಲ್ಲ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ಪ್ರಿಂಟರಿನ ಡ್ರೈವರ್ ಬದಲಿಸಿದೆ. ಏನೂ ಆಗಲಿಲ್ಲ. ಕೊಪ್ಪದ ಇನ್ನೊಂದು ಅಂಗಡಿಯಲ್ಲಿ ಹಳೆಯ ವರ್ಷನ್ ಇತ್ತು, ಪೆನ್‌ಡ್ರೈವ್ ಹಿಡಿದು ಹೋಗಿದ್ದರೆ ಹತ್ತು ನಿಮಿಷದ ಕೆಲಸ. ಆ ಅಂಗಡಿಯವನ ಮುಂದೆ ತಲೆ ತಗ್ಗಿಸಲು ಮನಸ್ಸು ಬರಲಿಲ್ಲ. ಆ ದಿನವೂ ಕರೆಂಟಿಲ್ಲ ಎಂದೆ, ಮೂರನೆಯ ದಿನವೂ ಅದನ್ನೇ ಹೇಳಿದೆ. "ಇಲ್ಲೂ ಇಲ್ಲ ಮಾರಾಯ್ತಿ, ನೀನಾದ್ರೂ ಎಂತ ಮಾಡ್ತೀಯ" ಎಂದು ಅವರೇ ನನಗೆ ಸಮಾಧಾನ ಹೇಳಿದರು.

ನಾಲ್ಕನೆಯ ದಿನ ಕಂಟ್ರೋಲ್ ಕೀ ಒತ್ತಿ ಹಿಡಿದು ಸೇಫ್ ಮೋಡಿನಲ್ಲಿ, ಅಂದರೆ ಹೊರಗಿನಿಂದ ಸೇರಿಸಿದ್ದೆಲ್ಲ ಬಿಟ್ಟು, ತೆರೆದೆ. ಫೈಲು ಮುಚ್ಚಿಕೊಳ್ಳಲಿಲ್ಲ. ಎಂದೋ ಕನ್ನಡ ಟೈಪಿಂಗಿಗೆಂದು ನಾನೇ ಸೇರಿಸಿದ್ದ ಆಡ್-ಇನ್ ಎಂಬ ಹಳೆಯ ಪುಟ್ಟ ಜೋಡಣೆ ಹೊಸ ವರ್ಷನ್ನಿಗೆ ಹೊಂದುತ್ತಿರಲಿಲ್ಲ, ಅಷ್ಟೆ. ಪಟ್ಟಿಯಲ್ಲಿ ಅದರ ಮುಂದಿದ್ದ ಟಿಕ್ ತೆಗೆದೆ, ಸರಿಹೋಯಿತು. ಪ್ರಿಂಟ್ ತೆಗೆದು, ಬೈಂಡ್ ಮಾಡಿ ಫೋನ್ ಮಾಡಿದೆ. ಬೇರೆ ಯಾರೋ ಎತ್ತಿದರು. ಹಿಂದಿನ ಸಂಜೆಯೇ ಆಕೆ ಹೋಗಿಬಿಟ್ಟಿದ್ದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಮೇಷ್ಟ್ರು ಬಂದರು. ಅಚ್ಚಾದ ಪುಸ್ತಕವನ್ನು ಪಕ್ಕಕ್ಕಿಟ್ಟು, "ನೋಟ್‌ಬುಕ್ ಎಲ್ಲಿ?" ಎಂದರು. ಡ್ರಾಯರಿನಿಂದ ತೆಗೆದುಕೊಟ್ಟೆ. ಆಕೆಯ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೇಳಿದರು: "ಕಡೇ ದಿನ ಇದನ್ನೇ ಕೇಳಿದ್ಲು. ಅಚ್ಚು ಬೇಡ, ನನ್ ಪುಸ್ತಕನೇ ತನ್ನಿ, ನೀವೇ ಓದಿ ಅಂದ್ಲು. ಹೊರಟಿದ್ದೆ. ಇನ್ನೇನು ಕರೆಂಟು ಬರ್ತದೆ, ಎರಡನ್ನೂ ಒಟ್ಟಿಗೇ ತಂದ್ರಾಯ್ತು ಅಂತ ಕೂತ್ಬಿಟ್ಟೆ."

ಕಂಪ್ಯೂಟರ್ ಕೆಟ್ಟಿದೆ ಎಂದಿದ್ದರೆ ಅವರು ಆ ದಿನವೇ ಬಂದು ನೋಟ್‌ಬುಕ್ಕನ್ನಾದರೂ ಒಯ್ಯುತ್ತಿದ್ದರು. ಹೇಳಿಬಿಡಬೇಕೆಂದುಕೊಂಡವಳು ನಾಚಿಕೆಯಾಗಿ, ಅಚ್ಚಾದ ಪುಸ್ತಕವನ್ನು ಕವರಿಗೆ ಹಾಕಿಕೊಟ್ಟೆ.

ಎದ್ದು ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು. "ಈಗ ಕರೆಂಟು ಸರಿ ಇದ್ಯಾ ತಂಗಿ?"

"ಇದೆ ಮೇಷ್ಟ್ರೇ" ಎಂದೆ.