ಸುಧಾಳ ಬೆನ್ನ ಹಿಂದೆ ಕೂತವರು

ಗೆಳೆಯರೇ, ಇವತ್ತು ಬೆಳಿಗ್ಗೆ ಜಗಳೂರಿನ ನಮ್ಮ ಮನೆಯಲ್ಲಿ ತಂಗಿ ಸುಧಾ ಕೆಲಸದ ವಿಡಿಯೊ ಸಂದರ್ಶನಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಬಹಳ ದಿನ ಕಾದು ಸಿಕ್ಕ ಅವಕಾಶ. ಪಕ್ಕದ ಕಣದಲ್ಲಿ ಮೆಕ್ಕೆಜೋಳ ಒಕ್ಕುವ ಮಷಿನ್ ಅಬ್ಬರಿಸುತ್ತಿತ್ತು. ಸ್ವಲ್ಪ ಹೊತ್ತು ನಿಲ್ಲಿಸಲು ಮಷಿನ್ ಮಾಲೀಕ ಬಸಣ್ಣನನ್ನು ಕೇಳಿಕೊಂಡೆ.

"ನಮ್ಮ ಹುಡುಗಿಗೆ ಕೆಲ್ಸ ಸಿಗೋದೈತೆ ಅಂದ್ರೆ ನಿಲ್ಸಲ್ಲ ಅಂತೀವೇನ್ರಿ?" ಎಂದು ತಕ್ಷಣ ನಿಲ್ಲಿಸಿದ. ಆಮೇಲೆ ತನ್ನ ಆಳುಗಳನ್ನೆಲ್ಲ ಕರೆತಂದು ಸುಧಾಳ ಬೆನ್ನ ಹಿಂದೆ ಸದ್ದಿಲ್ಲದೆ ಕೂತ.

ಸಂದರ್ಶಕರು, "ಅವರೆಲ್ಲ ಯಾರು?" ಎಂದರು.

"ನನ್ನ ಮಾತು ನಿಮಗೆ ಕೇಳಲಿ ಅಂತ ಮಷಿನ್ ನಿಲ್ಲಿಸಿದವರು ಸರ್."

ಅವರು ನಕ್ಕು ಮುಂದುವರಿಸಿದರು. ಕೊನೆಗೆ, "ನಾಳೆ ಎರಡನೇ ಸುತ್ತಿಗೆ ಬನ್ನಿ" ಎಂದರು.

ಬಸಣ್ಣ ಹಿಂದಿನಿಂದಲೇ ಹೇಳಿದ: "ಎಷ್ಟೊತ್ತಿಗೆ ಅಂತ ಕೇಳವ್ವ, ನಾವೂ ಬರ್ಬೇಕಲ್ಲ!"

ಎರಡನೇ ಸುತ್ತಿಗೆ ಬಸಣ್ಣನ ತಂಡವೂ ಆಯ್ಕೆಯಾದಂತಿದೆ.